ಸುಣ್ಣ ಬಳಿದ ಕಲ್ಲು

ಮೇ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಎರಡು ಮನೆಗಳ ನಡುವಿನ ಗೋಡೆಯ ಈಚೆ ನಾನು ಮತ್ತು ನನ್ನ ಹೆಂಡತಿ, ಆಚೆ ಪಕ್ಕದ ಮನೆಯ ಬಡಿಗ. ಗೋಡೆಯ ಮೇಲೆ ಅವನ ಬಲಗೈ ಇತ್ತು. ಹೆಬ್ಬೆರಳಿನ ಉಗುರು ಕಪ್ಪಾಗಿ ನಡುವೆ ಸೀಳಿತ್ತು, ಬೆರಳ ಸಂದಿಯಲ್ಲೆಲ್ಲ ಸಾಗವಾನಿಯ ಹೊಟ್ಟು. ಆ ಕೈ ಇಷ್ಟು ಸ್ಪಷ್ಟವಾಗಿ ನೆನಪಿರಲು ಕಾರಣವಿದೆ. ಅದು ನೆಟ್ಟಗಿದ್ದದ್ದನ್ನು ನಾನು ನೋಡಿದ್ದು ಅದೇ ಕೊನೆಯ ಸಲ.

"ಸೀಟಿ ಮಾಸ್ತರ್ರ, ಮ್ಯಾಲಿನ ಕಲ್ಲು ಇಳಸ್ರಿ. ಇವತ್ತಿನ ಗಾಳಿ ಬ್ಯಾರೆ ಐತಿ," ಅಂದ.

ಸವದತ್ತಿಯ ದಿಕ್ಕಿಗೆ ಆಕಾಶ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನಿನ್ನ ಕೆಲಸ ನೀ ನೋಡು ಎಂದೆ. ಅವನನ್ನು ನಾನು ಯಾವಾಗಲೂ ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಸತ್ತ ಮೇಲೆ ಬಹುವಚನ ಕೊಟ್ಟರೆ ಈ ಬರಹ ಸುಳ್ಳಾಗುತ್ತದೆ, ಕೊಡುವುದಿಲ್ಲ.

ನಾನು ಬೈಲಹೊಂಗಲದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ವ್ಯಾಯಾಮ ಶಿಕ್ಷಕನಾಗಿದ್ದೆ. ಕೊರಳಲ್ಲಿ ಸೀಟಿ ಇರುತ್ತಿತ್ತು. ಊರೆಲ್ಲ ಹಿಂದಿನಿಂದ ಕರೆಯುತ್ತಿದ್ದ ಹೆಸರನ್ನು ಬಡಿಗನೊಬ್ಬನೇ ಮುಖದೆದುರು ಕರೆಯುತ್ತಿದ್ದ.

ನಮ್ಮ ದ್ವೇಷ ಶುರುವಾದದ್ದು ಹರ್ಡಲ್ಸ್‌ನಿಂದ. ಮಕ್ಕಳು ಓಡುತ್ತ ಹಾರಿ ದಾಟುವ ಆ ಕಟ್ಟಿಗೆಯ ತಡೆಗಳನ್ನು ಶಾಲೆಗೆ ಅವನಿಂದ ಮಾಡಿಸಿದ್ದೆ. ತಂದಿಟ್ಟಾಗ ನೋಡಿದರೆ ಬೆರಳು ತಾಗಿದರೂ ಉರುಳಿಬೀಳುತ್ತಿದ್ದವು. ಇವೇನು ಆಟಿಕೆಯೇ ಎಂದು ಮಕ್ಕಳೆದುರೇ ಬೈದೆ. ಹುಡುಗರ ಕಾಲು ತಾಗಿದರೆ ಕಟ್ಟಿಗೆ ಬೀಳಬೇಕು, ಹುಡುಗರು ಬೀಳಬಾರದು, ಅದಕ್ಕೇ ಹಾಗೆ ಮಾಡಿದ್ದೇನೆ ಎಂದ. ನಾನು ಹನ್ನೆರಡನ್ನೂ ವಾಪಸ್ಸು ಕಳಿಸಿದೆ. ಮರುವರ್ಷ ಬೇರೆಯವರಿಂದ ಗಟ್ಟಿಯಾದವು ಬಂದವು. ಅವುಗಳಿಂದ ಎಷ್ಟು ಮೊಣಕಾಲು ಒಡೆದವೆಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವನ ಸ್ವಭಾವ ಒರಟು. ಗಿರಾಕಿಯನ್ನು ಕೂಡ್ರಿಸಿ ಮಾತಾಡಿದವನಲ್ಲ. ತಾವೇ ತಪ್ಪು ಅಳತೆ ಕೊಟ್ಟು, ಬಾಗಿಲು ಕೂಡುತ್ತಿಲ್ಲ ಎಂದು ಜಗಳಕ್ಕೆ ಬಂದವರಿಗೆ, "ಅಳತಿ ತಪ್ಪಿದ್ರ ಕಟ್ಟಿಗಿ ಬೈಬಾರದು" ಎಂದು ಹೇಳಿ ತಿರುಗಿ ಕಟ್ಟಿಗೆ ಹೆರೆಯುವ ರಂದಾ ಹೊಡೆಯತೊಡಗುತ್ತಿದ್ದ. ಎಂಟಕ್ಕೆ ಕೆಲಸ ಶುರು, ಆರಕ್ಕೆ ಬಂದ್. ಒಂದು ನಿಮಿಷ ಆಚೀಚೆ ಇಲ್ಲ. ಓಣಿಯಲ್ಲಿ ಗಡಿಯಾರದಂತೆ ನಡೆದವರು ನಾವಿಬ್ಬರೇ. ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ.

ಇನ್ನು ಕಲ್ಲಿನ ವಿಷಯ. ನಮ್ಮ ಮಾಳಿಗೆಯ ಮೇಲಿನ ಖೋಲಿಗೆ ತಗಡಿನ ಪತ್ರಾಸು ಹೊದಿಸಿದೆ. ಪತ್ರಾಸು ಹಾರದಿರಲೆಂದು ಮೇಲೆ ಕಲ್ಲು ಹೇರುವುದು ನಮ್ಮ ಕಡೆಯ ರೂಢಿ. ಎಲ್ಲರೂ ಕೈಗೆ ಸಿಕ್ಕದ್ದನ್ನು ಎಸೆದಿರುತ್ತಾರೆ. ನಾನು ಒಂದೇ ತೂಕದ ಕಲ್ಲುಗಳನ್ನು ಆರಿಸಿ, ಸಾಲಿಗೆ ಆರರಂತೆ ಜೋಡಿಸಿ, ಮೈದಾನದ ಗೆರೆಗೆ ಬಳಿಯುವಂತೆ ವರ್ಷವರ್ಷ ಸುಣ್ಣ ಬಳಿಯುತ್ತಿದ್ದೆ. ನೋಡಿದವರು ಮೆಚ್ಚುತ್ತಿದ್ದರು. ಬಡಿಗ ಮಾತ್ರ ನಗುತ್ತಿದ್ದ. "ಕಲ್ಲು ಪತ್ರಾಸ ಹಿಡಿಯೂದಿಲ್ರಿ. ಪತ್ರಾಸ ಕಲ್ಲು ಹೊತಗೊಂಡು ಹಾರತೈತಿ. ಹುಕ್ಕು ಹಾಕಸ್ರಿ," ಎನ್ನುತ್ತಿದ್ದ. ಅವನು ಹೇಳಿದ ಎಂಬ ಒಂದೇ ಕಾರಣಕ್ಕೆ ನಾನು ತಗಡನ್ನು ತೊಲೆಗೆ ಬಿಗಿಯುವ ಹುಕ್ಕು ಹಾಕಿಸಲಿಲ್ಲ.

ಆ ಗುರುವಾರ ಅವನು ಗೋಡೆಯಿಂದ ಸರಿದ ಮೇಲೆ ನಾನು ಮಾಳಿಗೆ ಹತ್ತಿ, ಸಿಟ್ಟಿಗೆ ಇನ್ನೆರಡು ಕಲ್ಲು ಏರಿಸಿ ಇಳಿದೆ.

ನಾಲ್ಕೂ ಇಪ್ಪತ್ತಕ್ಕೆ ಗಾಳಿ ಬಂತು. ಮೊದಲು ಧೂಳು, ಆಮೇಲೆ ಸಪ್ಪಳ. ವಿದ್ಯುತ್ ಕಂಬ ಬಾಗಿದ್ದು ಕಿಟಕಿಯಿಂದ ಕಂಡಿತು. ಬಡಿಗ ತನ್ನ ಮನೆಯ ಮುಂದೆ ಗೋಡೆಗೆ ಆನಿಸಿಟ್ಟಿದ್ದ ಹೊಸ ಬಾಗಿಲು ಚೌಕಟ್ಟನ್ನು ನೆಲಕ್ಕೆ ಮಲಗಿಸಲು ಹೊರಗೆ ಬಂದಿದ್ದ. ನಮ್ಮ ತಲೆಯ ಮೇಲೆ ಪತ್ರಾಸು ಕಿತ್ತು ಹಾರಿತು. ಅದರ ಮೇಲಿನ ಒಂದು ಕಲ್ಲು ಅವನ ಬಲಗೈಯ ಮಣಿಕಟ್ಟಿನ ಮೇಲೆ ಬಿತ್ತು. ಗಾಳಿ ನಿಲ್ಲುವವರೆಗೆ ನಾನು ಹೊರಗೆ ಹೋಗಲಿಲ್ಲ. ಹೋದಾಗ ನನ್ನ ಹೆಂಡತಿ ಸೆರಗು ಹರಿದು ಅವನ ಕೈಗೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕಲ್ಲು ಬಿದ್ದಿತ್ತು, ಸುಣ್ಣ ಕೂಡ ಸವೆದಿರಲಿಲ್ಲ. ಅವನು ಕೈಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ.

ಬೆಳಗಾವಿಯಲ್ಲಿ ಎರಡು ಆಪರೇಷನ್ ಆದವು. ಮೂರು ಬೆರಳು ಮತ್ತೆ ಮಡಚಲಿಲ್ಲ. ರಂದಾ ಹಿಡಿಯುವ ಕೈ ಅದು.

ಹಾನಿ ಬರೆದುಕೊಳ್ಳಲು ಸರಕಾರದ ಗುಮಾಸ್ತನೊಬ್ಬ ಬಂದ. ಓಣಿಯವರೆಲ್ಲ ಸುತ್ತ ನಿಂತಿದ್ದರು. ಗಾಳಿಯ ಹೊಡೆತಕ್ಕೆ ಕಲ್ಲು ಬಿದ್ದು ಗಾಯ ಎಂದು ಬರೆದು ಹೆಬ್ಬೆಟ್ಟು ಒತ್ತಲು ಹೇಳಿದ. ಬಡಿಗ ಎಡಗೈ ಮುಂದೆ ಮಾಡಲಿಲ್ಲ.

"ಗಾಳಿಗೆ ಕೈ ಇಲ್ರಿ. ಕಲ್ಲು ಇಟ್ಟಾವರ ಹೆಸರು ಬರೀರಿ."

ಗುಮಾಸ್ತ ನನ್ನ ಕಡೆ ನೋಡಿದ. ಗಾಳಿ ಯಾರ ಕೈಯಲ್ಲಿದೆ ಎಂದೆ. ಬಡಿಗ ಕಾಗದವನ್ನು ಹಿಂದಕ್ಕೆ ತಳ್ಳಿದ, ಪರಿಹಾರ ಬರಲಿಲ್ಲ. ಅಂದು ಸಂಜೆ ಗೋಡೆಯ ಬಳಿ ಬಂದು, "ನಿಮ್ಮ ರೊಕ್ಕ ಬ್ಯಾಡ ಮಾಸ್ತರ್ರ. ಕಲ್ಲು ನಂದು ಅಂತ ನಾಕ ಮಂದ್ಯಾಗ ಒಂದ ಮಾತು ಅನ್ರಿ. ಸಾಕು," ಎಂದ. ತಪ್ಪು ಮಾಡಿದವ ಮುಂದೆ ಬಾ ಎಂದು ಮೂವತ್ತೊಂದು ವರ್ಷ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದವನು ನಾನು. ಆ ಒಂದು ಮಾತು ಅನ್ನಲಿಲ್ಲ.

ನಾಲ್ಕು ವರ್ಷ ಅವನು ಪ್ರತಿದಿನ ಎಂಟಕ್ಕೆ ಸರಿಯಾಗಿ ತನ್ನ ಕಟ್ಟೆಯ ಮೇಲೆ ನಮ್ಮ ಬಾಗಿಲ ಕಡೆ ಮುಖ ಮಾಡಿ ಕುಳಿತ, ಆ ಕೈ ತೊಡೆಯ ಮೇಲೆ ಮೇಲ್ಮುಖವಾಗಿ. ಊರಲ್ಲಿ ನಾಲ್ವರು ಸೇರಿದರೆ ಗಾಳಿಯ ನೆನಪು ಬರುತ್ತಿತ್ತು. ಒಬ್ಬರ ಪತ್ರಾಸು ಸಂಪಗಾಂವ ರಸ್ತೆಯಲ್ಲಿ ಸಿಕ್ಕಿತಂತೆ, ಇನ್ನೊಬ್ಬರ ಕರು ಉರುಳಿದ ಕಂಬದ ಪಕ್ಕ ಮೇಯುತ್ತ ನಿಂತಿತ್ತಂತೆ. ನನ್ನ ಸರದಿ ಬಂದಾಗ ಶಾಲೆಯ ಬೇವಿನಮರ ಬಿದ್ದದ್ದನ್ನು ಹೇಳುತ್ತಿದ್ದೆ. ಹಾದು ಹೋಗುವಾಗ ಬಡಿಗ ನಿಂತು, "ಬಿಳೇ ಕಲ್ಲಿನ ಕತಿ ಬಿಟ್ರೆಲ್ಲ, ಮಾಸ್ತರ್ರ" ಎನ್ನುತ್ತಿದ್ದ. ಜನ ನಗುತ್ತಿದ್ದರು. ನಾನು ಎದ್ದು ಮನೆಗೆ ಬರುತ್ತಿದ್ದೆ.

ಹೋದ ತಿಂಗಳು ತೀರಿಕೊಂಡ. ಹೂವಿನ ಹಾರ ಹಿಡಿದು ಹೋದೆ. ಅವನ ಹೆಂಡತಿ ನನ್ನ ಕಡೆ ನೋಡದೆ, ಆ ಹಾರ ಹಾಕಿಸಬೇಡಿ ಎಂದು ಪಕ್ಕದವರಿಗೆ ಹೇಳಿದಳು. ಹಿಡಿದುಕೊಂಡೇ ವಾಪಸ್ಸು ಬಂದೆ.

ಈಗ ಊರ ಹಿರಿಯರ ಸಂಘದವರು ಗಾಳಿಯ ನೆನಪುಗಳನ್ನು ಒಟ್ಟುಮಾಡುತ್ತಿದ್ದಾರೆ, ಒಬ್ಬೊಬ್ಬರೂ ಬರೆದು ಕೊಡಬೇಕಂತೆ. ಮೊದಲು ಬೇವಿನಮರದ ಬಗ್ಗೆ ಎರಡು ಪುಟ ಬರೆದೆ. ಅದನ್ನು ಹರಿದು ಇದನ್ನು ಬರೆದಿದ್ದೇನೆ. ಕಲ್ಲು ನನ್ನದು. ಇಳಿಸೆಂದು ಹೇಳಿದ ಮೇಲೂ ಏರಿಸಿದವನು ನಾನು.

ಇಷ್ಟು ಬರೆದು, ಸಂಜೆ ನಾಲ್ಕೂವರೆಗೆ ಕಾಗದ ತೆಗೆದುಕೊಂಡು ಅವನ ಮನೆಗೆ ಹೋದೆ. ಅವನ ಹೆಂಡತಿ ಹೊಸ್ತಿಲಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂಡ್ರಿ ಅನ್ನಲಿಲ್ಲ. ನಿಂತೇ ಓದಿದೆ. ಮುಗಿಯುವವರೆಗೂ ಆಕೆ ತಲೆ ಎತ್ತಲಿಲ್ಲ.

"ಮತ್ತೊಮ್ಮಿ ಓದ್ರಿ," ಎಂದಳು. "ಆ ಕಡೆ ಮಾರಿ ಮಾಡಿ ಓದ್ರಿ. ಓಣಿಗೆ ಕೇಳಲಿ."

ಓಣಿಯ ಕಡೆ ತಿರುಗಿದೆ. ನಳದ ಬಳಿ ಇಬ್ಬರು ಹೆಂಗಸರಿದ್ದರು, ಎದುರಿನ ಟೇಲರ್ ಮಷಿನ್ ನಿಲ್ಲಿಸಿದ. ಮೊದಲಿನಿಂದ ಕೊನೆಯವರೆಗೆ, ಮೈದಾನದಲ್ಲಿ ಕೂಗುತ್ತಿದ್ದ ದನಿಯಲ್ಲಿ ಓದಿದೆ. ಆಕೆ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿದಳು.

ಐದೂ ಇಪ್ಪತ್ತಕ್ಕೆ ಮನೆಗೆ ಬಂದು ಈ ಕೊನೆಯ ಸಾಲುಗಳನ್ನು ಸೇರಿಸಿ ಸಹಿ ಮಾಡಿದೆ.