ಉಸುಕಿನ ಕಾವಿಗೆ ಬೇಯುವ ಪೆಕಾನ್ ಪೈ

ಬೆಳಗಿನ ಐದು ಗಂಟೆ. ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದಿನ ಓಣಿಗೆ ಇನ್ನೂ ನಲ್ಲಿ ನೀರು ಬಂದಿಲ್ಲ. ಹೊಳಿಯಮ್ಮ ಆಗಲೇ ಹಿತ್ತಲ ಒಲೆಯ ಮುಂದೆ ಕೂತಿದ್ದಾರೆ. ಒಲೆಯ ಮೇಲೆ ದೊಡ್ಡ ಅಲ್ಯೂಮಿನಿಯಂ ಡಬರಿ. ಅದರ ತಳದಲ್ಲಿ ನಾಲ್ಕು ಬೆರಳು ಉಸುಕು, ಉಸುಕಿನ ಮೇಲೆ ಮೂರು ಕಲ್ಲು. ಸಣ್ಣದೊಂದು ತಾಟಿನಲ್ಲಿ ಮಂಡಕ್ಕಿ ಮಾಡುವ ಅಕ್ಕಿಯ ಹತ್ತು ಕಾಳು ಹಾಕಿ ಕಲ್ಲಿನ ಮೇಲಿಡುತ್ತಾರೆ. ಮುಚ್ಚಳ ಮುಚ್ಚಿ, ಮೇಲೆ ಕೆಂಡ ಹರಡಿ, ತುಟಿಯಲ್ಲೇ ಅರವತ್ತರವರೆಗೆ ಎಣಿಸುತ್ತಾರೆ. ಆಮೇಲೆ ಮುಚ್ಚಳ ಎತ್ತಿ ಬಗ್ಗಿ ನೋಡುತ್ತಾರೆ.

"ಕಾಳು ಅರಳಿದ್ರ ಬೆಂಕಿ ಹೆಚ್ಚಾತು. ಬೆಳ್ಳಗ ಉಳದ್ರ ಇನ್ನಾ ಕಾವು ಬಂದಿಲ್ಲ. ಗೋದಿ ಬಣ್ಣಕ್ಕ ತಿರುಗಬೇಕು, ಅರಳಬಾರದು. ಆವಾಗ ಪೈ ಒಳಗಿಡಬೇಕು ನೋಡ್ರಿ."

ಪೈ ಎಂದರೆ ಪೆಕಾನ್ ಪೈ. ಅಮೆರಿಕದವರ ಹಬ್ಬದ ಸಿಹಿ. ಪೆಕಾನ್ ಅಂದರೆ ಅಕ್ರೋಟಿನ ತಮ್ಮನಂತಿರುವ ಉದ್ದನೆಯ ಬೀಜ. ಹೈದರಾಬಾದಿನಿಂದ ಡಬ್ಬಿಯಲ್ಲಿ ಬರುತ್ತದೆ. ಮೈದಾ ಮತ್ತು ಬೆಣ್ಣೆಯ ತಟ್ಟೆಯಾಕಾರದ ಕವಚ, ಅದರೊಳಗೆ ಬೆಲ್ಲ, ಮೊಟ್ಟೆ, ಬೆಣ್ಣೆ, ಚಿಟಿಕೆ ಉಪ್ಪು, ಮೇಲೆ ಸುತ್ತು ಸುತ್ತಾಗಿ ಜೋಡಿಸಿದ ಬೀಜ. ಇಷ್ಟೇ. ಆದರೆ ಈ ಇಷ್ಟೇ ಎನ್ನುವುದನ್ನು ಮಾಡಿ ನೋಡಿದವರಿಗೆ ಗೊತ್ತು. ಹಿಟ್ಟಿನೊಳಗೆ ಬೆಣ್ಣೆ ಕರಗಬಾರದು, ಕಾಳು ಕಾಳಾಗಿ ಉಳಿಯಬೇಕು. ಉಳಿದರೆ ಮಾತ್ರ ಬೆಂದ ಅಂಚು ಪದರು ಪದರಾಗಿ ಮುರಿಯುತ್ತದೆ. ಗಂಗಾವತಿಯ ಬಿಸಿಲಿಗೆ ಈ ಮಾತು ಹೇಳಿ ಪ್ರಯೋಜನವಿಲ್ಲ. ಅದಕ್ಕೇ ಹೊಳಿಯಮ್ಮ ಬೆಳಕು ಹರಿಯುವ ಮೊದಲೇ ಹಿಟ್ಟು ಮುಗಿಸುತ್ತಾರೆ. "ಬೆಣ್ಣಿ ಸೂರ್ಯಗ ಅಂಜತೈತ್ರಿ. ಅವ ಬರೂದ್ರಾಗ ನನ್ನ ಕೆಲಸ ಆಗಿರಬೇಕು."

ಪಕ್ಕದ ಮನೆಯ ಸೈದಾನಬಿ ಕೊಡ ಹಿಡಿದು ಗೋಡೆಯ ಮೇಲಿಂದ ಇಣುಕುತ್ತಾರೆ. "ಏನವಾ ಹೊಳಿಯವ್ವ, ಇವತ್ತ ಎಷ್ಟ ಅಮೆರಿಕಾ ಹೋಳಿಗಿ?"

"ನಾಕು."

"ಊರೆಲ್ಲಾ ವಾಸನಿ ಹಚ್ಚಿ ಕೂಡ್ತಿ. ನಮ್ಮ ಮೂಗಿಗಷ್ಟ ಪಾಲು!"

ಹೊಳಿಯಮ್ಮನಿಗೆ ಐವತ್ತೆರಡು. ತವರು ಕುಷ್ಟಗಿ ತಾಲೂಕಿನ ತಾವರಗೇರಾ. ಗಿರಣಿಯಲ್ಲಿ ಹಮಾಲಿ ಮಾಡುವ ಮುದಿಯಪ್ಪನನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ಬಂದ ಮೂರನೇ ತಿಂಗಳಿಗೇ ಮಂಡಕ್ಕಿ ಭಟ್ಟಿ ಸೇರಿದರು. ಹದಿನೇಳು ವರ್ಷ ಕಾದ ಉಸುಕಿನಲ್ಲಿ ಅಕ್ಕಿ ಹುರಿದರು. ಆ ಹದಿನೇಳು ವರ್ಷ ಅವರಿಗೆ ಕೊಟ್ಟದ್ದು ಎರಡೇ: ಬಗೆಹರಿಯದ ಒಂದು ಕೆಮ್ಮು, ಮತ್ತು ಕಾವನ್ನು ಕಣ್ಣಲ್ಲೇ ಅಳೆಯುವ ವಿದ್ಯೆ. ಮೊದಲನೆಯದಕ್ಕೆ ಭಟ್ಟಿಯವರು ಔಷಧ ಕೊಡಿಸಲಿಲ್ಲ. ಎರಡನೆಯದಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ಕೆಮ್ಮು ಜಾಸ್ತಿಯಾದ ಮೇಲೆ ಸಾಣಾಪುರದ ಕಡೆ ಒಂದು ಗೆಸ್ಟ್‌ಹೌಸಿನಲ್ಲಿ ಮುಸುರೆ ತಿಕ್ಕಲು ಹೋದರು.

ಚಳಿಗಾಲದಲ್ಲಿ ಆ ಕಡೆಯ ಬಂಡೆ ಹತ್ತಲು ವಿದೇಶದವರು ಬರುತ್ತಾರೆ. ಆರು ವರ್ಷದ ಹಿಂದೆ ಅಮೆರಿಕದ ಒಬ್ಬ ಹೆಣ್ಣುಮಗಳು ಬಂಡೆಯಿಂದ ಜಾರಿ ಪಾದ ಮುರಿದುಕೊಂಡು ಮೂರು ವಾರ ಅದೇ ಗೆಸ್ಟ್‌ಹೌಸಿನಲ್ಲಿ ಮಲಗಿದಳು. ಚೀಲದಲ್ಲಿ ಒಂದು ಪೊಟ್ಟಣ ಪೆಕಾನ್ ಇತ್ತು. ತನ್ನ ಮನೆಯ ಪೈ ನೆನೆಸಿಕೊಂಡು ಅತ್ತಳಂತೆ. ಅಲ್ಲಿ ಒಲೆಯ ಕಾವು ಬಲ್ಲವರು ಮುಸುರೆ ತಿಕ್ಕುವಾಕೆ ಒಬ್ಬರೇ. ಅಮೆರಿಕದಾಕೆ ಕೈಸನ್ನೆಯಲ್ಲಿ ಹೇಳಿದಳು, ಹೊಳಿಯಮ್ಮ ಮಾಡಿದರು.

"ಮೊದಲನೇ ಸಲ ಕೆಡಿಸಿದ್ನಿರಿ," ಎಂದು ನಗುತ್ತಾರೆ. "ಬೆಲ್ಲ ಅಂದಮ್ಯಾಲ ಪಾಕ ಹಿಡಿಬೇಕಲ್ಲಾ? ಶೇಂಗಾ ಚಿಕ್ಕಿಗೆ ಹಿಡದಂಗ ಗಟ್ಟಿ ಪಾಕ ಹಿಡದೆ. ಕಲ್ಲಾತು! ನಮ್ಮ ಮನಿಯವರು ರುಬ್ಬು ಗುಂಡ್ಲೆ ಒಡದು ತಿಂದ್ರು. ಆಮ್ಯಾಲೆ ತಿಳೀತು, ಇದಕ್ಕ ಪಾಕ ಬ್ಯಾಡ. ಬೆಲ್ಲ ಕರಗಿಸಿ ಆರಿಸಬೇಕು, ಮೊಟ್ಟಿನ ಅದನ್ನ ಗಟ್ಟಿ ಹಿಡ್ಕೊಂತೈತಿ. ನಡುವ ಗಿಣ್ಣದಂಗ ಅಲುಗುವಾಗ ಇಳಿಸಬೇಕು."

ಆ ಹೆಣ್ಣುಮಗಳು ಊರಿಗೆ ಹೋದಳು, ಪೈ ಇಲ್ಲೇ ಉಳಿಯಿತು. ಅಂದಿನಿಂದ ಹೊಳಿಯಮ್ಮ ಮುಸುರೆ ಬಿಟ್ಟು, ಮನೆಯಲ್ಲೇ ಪೈ ಮಾಡಿ ಗೆಸ್ಟ್‌ಹೌಸಿಗೆ ಒಯ್ಯುತ್ತಾರೆ. ನವೆಂಬರಿನಿಂದ ಫೆಬ್ರವರಿವರೆಗೆ ದಿನಕ್ಕೆ ನಾಲ್ಕು. ಒಂದೊಂದು ಡಬರಿಗೆ ಒಂದೇ ಪೈ, ಬೇಯಲು ಒಂದು ತಾಸು. ಒಲೆ ಎರಡೇ ಇರುವುದರಿಂದ ಎರಡು ಸರದಿ. ಎಂಟೂವರೆಗೆ ಟಂಟಂ ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹದಿನೈದು ಕಿಲೋಮೀಟರ್. ಗೆಸ್ಟ್‌ಹೌಸಿನ ಮೆನು ಕಾರ್ಡಿನಲ್ಲಿ ಮಾತ್ರ ಇದು 'ಅಜ್ಜಿಯ ಕ್ಲಾಸಿಕ್ ಪೈ'. ಯಾವ ಅಜ್ಜಿ? ಯಾರ ಅಜ್ಜಿ? ಇಲ್ಲದ ಅಜ್ಜಿಯನ್ನು ಹುಟ್ಟಿಸುವಷ್ಟು ಬುದ್ಧಿ ಇರುವವರಿಗೆ, ಹಿಂಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸಿನ ಹೆಸರು ಕೇಳುವ ಪುರಸೊತ್ತಿಲ್ಲ.

ಹೋದ ಡಿಸೆಂಬರಿನಲ್ಲಿ ಈ ಕೆಲಸವೂ ಕೈಬಿಡುವುದರಲ್ಲಿತ್ತು. ಗೆಸ್ಟ್‌ಹೌಸಿನ ಮಾಲೀಕ ಗುರುಬಸವ ದೊಡ್ಡ ಕರೆಂಟ್ ಓವನ್ ತರಿಸಿದರು. ಇನ್ನು ಮೇಲೆ ಪೈ ಅಲ್ಲಿಯೇ ಬೇಯಬೇಕು. ಹೊಳಿಯಮ್ಮನಿಂದ ಆಗದಿದ್ದರೆ ಹೊಸಪೇಟೆಯಿಂದ ಬೇಕರಿಯವನು ಬರುತ್ತಾನೆ, ಹೊಳಿಯಮ್ಮ ಮತ್ತೆ ಮುಸುರೆಗೆ. ಅವರು ಹೋದರು. ಎರಡು ದಿನ ಮಾಡಿದ್ದೆಲ್ಲ ಅಂಚು ಕರಕು, ನಡುವೆ ನೀರು. ತಿನ್ನಲು ಕೂತವರು ತಾಟು ಸರಿಸಿ ಎದ್ದು ಹೋದರು.

"ಇದು ನಿನ್ನ ಒಲಿ ಅಲ್ಲ ಹೊಳಿಯವ್ವ," ಎಂದರು ಗುರುಬಸವ, ಎಲ್ಲರ ಮುಂದೆ. "ನೂರಾ ಎಂಬತ್ತಕ್ಕ ತಿರುವು ಅಂದ್ರ ತಿರುವಬೇಕು, ಅಷ್ಟ."

"ಅಷ್ಟಕ್ಕ ತಿರುವೀನ್ರಿ ಸಾವ್ಕಾರ್ರ."

"ಮತ್ತ ಯಾಕ ಸುಡತೈತಿ? ಮಷಿನ್ನೇ ತಪ್ಪೇನು?"

ಮೂರನೇ ದಿನ ಹೊಳಿಯಮ್ಮ ಸೆರಗಿನ ತುದಿಗೆ ಅಕ್ಕಿ ಕಟ್ಟಿಕೊಂಡು ಹೋದರು. ಅಲ್ಲಿನ ಅಡುಗೆಯವನು ಕೃಷ್ಣ ಹೊಟ್ಟೆ ಹಿಡಿದು ನಕ್ಕ: "ಯವ್ವಾ, ಮಷಿನ್ನಿಗೆ ಕಾಳು ಹಾಕಿ ಶಾಸ್ತ್ರ ಕೇಳ್ತೀಯೇನ?" ಅವರು ನೂರಾ ಎಂಬತ್ತಕ್ಕೆ ತಿರುವಿ, ಕಾದ ಮೇಲೆ ತಾಟು ಒಳಗಿಟ್ಟು ಎಣಿಸಿದರು. ಅರವತ್ತಕ್ಕೆ ಬಾಗಿಲು ತೆಗೆದರೆ ಹತ್ತೂ ಕಾಳು ಮಂಡಕ್ಕಿಯಾಗಿ ಕೂತಿದ್ದವು.

"ಇದು ಭಟ್ಟಿ ಕಾವು ಸಾವ್ಕಾರ್ರ. ನಿಮ್ಮ ಮಷಿನ್ ಸುಳ್ಳ ಹೇಳತೈತಿ."

ಓವನ್ ಮಾರಿದ ಅಂಗಡಿಯವನು ಮೀಟರ್ ತಂದು ನೋಡಿದ. ಮುಳ್ಳು ನೂರಾ ಎಂಬತ್ತು ತೋರಿಸುವಾಗ ಒಳಗೆ ಇನ್ನೂರಾ ಮೂವತ್ತು. ಮಾರಿದವನದೇ ತಪ್ಪು. ರಿಪೇರಿಯಾಯಿತು. ಎರಡು ದಿನ ಬೈಸಿಕೊಂಡ ಹೆಂಗಸಿಗೆ ಯಾರೂ ತಪ್ಪಾಯಿತು ಎನ್ನಲಿಲ್ಲ. ಮಷಿನ್ನಿಗೆ ಸಿಗುವ ಮರ್ಯಾದೆ ಮನುಷ್ಯರಿಗೆ ಸಿಗುವ ಹೊತ್ತು ಇನ್ನೂ ಬಂದಿಲ್ಲ.

"ಸರಿಯಾತಲ್ಲ, ನಾಳಿಯಿಂದ ಇಲ್ಲೇ ಬಾ," ಎಂದರು ಗುರುಬಸವ.

ಹೊಳಿಯಮ್ಮ ಜೀವನದಲ್ಲಿ ಮೊದಲ ಸಲ ಒಬ್ಬ ಮಾಲೀಕನಿಗೆ ಒಲ್ಲೆ ಎಂದರು. "ನಾ ಮನ್ಯಾಗ ಮಾಡ್ತೀನ್ರಿ. ಬೇಕಾದ್ರ ತಗೋರಿ, ಬ್ಯಾಡಾದ್ರ ಬಿಡ್ರಿ."

"ಇಷ್ಟ ರೊಕ್ಕ ಹಾಕಿ ತಂದ ಮಷಿನ್ ಏನ್ ಮಾಡ್ಲಿ?"

"ಬ್ರೆಡ್ ಸುಡ್ರಿ."

ಯಾಕೆ ಹಾಗೆಂದಿರಿ ಎಂದು ಕೇಳಿದರೆ, ಒಲೆಯ ಕೆಂಡ ಸರಿಸುತ್ತಾ ಹೇಳುತ್ತಾರೆ. "ಅಲ್ಲಿ ನಾ ಬರೇ ಎರಡು ಕೈ. ಪೈ ಒಳಗಿರುವಾಗನ ಆ ಬುಟ್ಟಿ ತಾ, ಈ ಗಂಗಾಳ ತಿಕ್ಕು ಅಂತಾರ. ಇಲ್ಲಿ ಯಾರೂ ಕೂಗೂದಿಲ್ಲ. ಒಂದ್ ತಾಸು ಇದರ ಮುಂದ ಕುಂದರತೀನಿ. ಹದಿನೇಳು ವರ್ಷ ಬೆಂಕಿ ಮುಂದ ಕುಂತೆ, ಅದು ಇನ್ನೊಬ್ಬರ ಬೆಂಕಿ ಆಗಿತ್ತು. ಇದು ನಂದು."

ಎರಡು ದಿನ ಯಾರೂ ಕರೆಯಲಿಲ್ಲ. ಆ ಎರಡು ದಿನ ಒಲೆ ಹೊತ್ತಿಸಲಿಲ್ಲ ಎಂದು ಮುದಿಯಪ್ಪ ಹೇಳುತ್ತಾರೆ. "ಮತ್ತ ಭಟ್ಟಿಗೆ ಹೋಗ್ತೀನಿ ಅಂದ್ಲು. ಕೆಮ್ಮು ನೋಡೀರಲ್ಲಾ?" ಅಷ್ಟರಲ್ಲಿ ಗೆಸ್ಟ್‌ಹೌಸಿಗೆ ಬೇಕರಿಯವನ ಪೈ ಬಂದಿತ್ತು. ತಿಂದವರು, ಮೊದಲಿನದು ಎಲ್ಲಿ ಎಂದರು. ಮೂರನೇ ದಿನ ಬೆಳಿಗ್ಗೆ ಕೃಷ್ಣನ ಫೋನು. ಈ ಸಲ ನಗಲಿಲ್ಲ. "ಯವ್ವಾ, ನಾಕು ತಗೊಂಡ್ ಬಾ. ನಿನ್ನ ಮನ್ಯಾಗಿಂದನ."

ಇವತ್ತಿನ ನಾಲ್ಕೂ ಇಳಿದಿವೆ. ಬಿಸಿ ಪೈಯ ಮೇಲೆ ಪೆಕಾನ್ ಬೀಜಗಳು ಎಣ್ಣೆ ಹಚ್ಚಿದ ಮರದಂತೆ ಹೊಳೆಯುತ್ತಿವೆ. ಹೊಳಿಯಮ್ಮ ಒಂದೊಂದನ್ನೇ ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಡುತ್ತಾರೆ. ಆರು ವರ್ಷದಲ್ಲಿ ಒಂದು ಪೂರಾ ತುಂಡು ತಿಂದಿಲ್ಲವಂತೆ. ಒಂದು ಪೈಗೆ ಎಂಟು ತುಂಡು, ಎಂಟು ತುಂಡಿಗೆ ತಿನ್ನುವವರು ಎಂಟು ಜನ ಇರುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ಇಲ್ಲ ಎನ್ನುತ್ತಾರೆ. ಟಂಟಂ ಹಾರ್ನ್ ಹೊಡೆದ ಮೇಲೆ, ಬುಟ್ಟಿ ಎತ್ತಿಕೊಂಡು, ಬಾಗಿಲಲ್ಲಿ ನಿಂತು ಹೇಳುತ್ತಾರೆ:

"ಒಂದಿನ ಮುಂದಿನ ಬಾಗಿಲಿಂದ ಹೋಗಿ ಅಲ್ಲಿ ಕುರ್ಚಿಮ್ಯಾಲ ಕುಂದರಬೇಕ್ರಿ. ಒಂದ್ ಪೂರಾ ತುಂಡು ತರಸ್ಕೊಂಡು ನಿಧಾನಕ ತಿನ್ನಬೇಕು. ತಿಂದ್ಮ್ಯಾಲ, 'ಅಂಚು ಒಂಚೂರು ಹೆಚ್ಚ ಬೆಂದೈತಿ, ಯಾರು ಮಾಡ್ಯಾರ, ಕರೀರಿ ಅವರನ್ನ' ಅಂತ ನಾನೂ ಒಮ್ಮಿ ಅನಬೇಕು."