ನೋಡುತ್ತಿರುವವರು ಇಬ್ಬರು

ನಮ್ಮ ಸೋದರಮಾವನನ್ನು ಬೀದಿಯವರೆಲ್ಲ ‘ಮೀನು ಡಾಕ್ಟರು’ ಅಂತಲೇ ಕರೆಯುವುದು. ದವಾಖಾನೆ, ಹೋಟೆಲು, ಬ್ಯಾಂಕು ಅಂತ ಹದಿನೇಳು ಕಡೆ ಮೀನಿನ ಗಾಜಿನ ತೊಟ್ಟಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಬೆಳಿಗ್ಗೆ ಎರಡು ಬಕೆಟ್ಟು, ಒಂದು ರಬ್ಬರ್ ಪೈಪು, ಪಾಚಿ ಉಜ್ಜುವ ಸ್ಪಂಜು ಸ್ಕೂಟರಿಗೆ ಸಿಕ್ಕಿಸಿಕೊಂಡು ಹೊರಟರೆ, ಸಂಜೆ ಬರುವಾಗ ಮೊಣಕೈವರೆಗೆ ಒದ್ದೆ. ನೀರಿನ ವಿಷಯದಲ್ಲಿ ಜಾಣ, ಮನುಷ್ಯರ ವಿಷಯದಲ್ಲಿ ಶುದ್ಧ ಪೆದ್ದ. ನಾನು ಅವನ ಅಕ್ಕನ ಮಗಳು, ಅವನ ಮನೆಯ ಮೇಲಿನ ಮಹಡಿಯಲ್ಲೇ ಇರುವವಳು. ಇಷ್ಟು ಹೇಳುವ ಹಕ್ಕು ನನಗಿದೆ.

ಅವನ ಮನೆಯ ನಡುಕೋಣೆಯಲ್ಲೂ ಒಂದು ತೊಟ್ಟಿಯಿದೆ, ನಾಲ್ಕಡಿ ಉದ್ದದ್ದು. ಅದರಲ್ಲಿ ಒಂಬತ್ತು ವರ್ಷ ಬಾಳಿದ ದೊಡ್ಡ ಮೀನು ನಮ್ಮ ಅತ್ತೆಯದು. ಕಪ್ಪು ಮೈ, ಕೇಸರಿ ಮಚ್ಚೆ. ಬೆರಳುದ್ದದ ಮರಿಯಿದ್ದಾಗ ತಂದು ಸಾಕಿದ್ದು, ಅವಳ ಕೈಯಿಂದಲೇ ತಿನ್ನುತ್ತಿತ್ತು. ಅತ್ತೆ ಅದಕ್ಕೆ ‘ಯಜಮಾನರು’ ಎಂದು ಹೆಸರಿಟ್ಟಿದ್ದಳು. “ಯಜಮಾನರಿಗೆ ಇವತ್ತು ಯಾಕೋ ಮೂಡಿಲ್ಲ” ಅಂದರೆ ಮಾವ “ನಂಗಾ?” ಎಂದು ಪೇಪರಿನಿಂದ ತಲೆಯೆತ್ತುತ್ತಿದ್ದ.

ಅತ್ತೆ ನೀರು ಪರೀಕ್ಷಿಸುತ್ತಿದ್ದದ್ದು ಹಳೇ ಪದ್ಧತಿಯಲ್ಲಿ. ಗಾಜಿನ ನಳಿಗೆಯಲ್ಲಿ ಒಂದಿಷ್ಟು ನೀರು, ಅದಕ್ಕೆ ನಾಲ್ಕು ಹನಿ ಔಷಧಿ, ಬಂದ ಬಣ್ಣವನ್ನು ಚೀಟಿಯ ಬಣ್ಣಗಳಿಗೆ ಹೋಲಿಸಿ ನೋಡುವುದು. ಎರಡು ವರ್ಷದ ಹಿಂದೆ ಮಾವ ಮೀಟರ್ ತಂದ. ಪೆನ್ನಿನಷ್ಟು ದಪ್ಪದ ಕಡ್ಡಿಯೊಂದು ಸದಾ ತೊಟ್ಟಿಯಲ್ಲಿ ಮುಳುಗಿರುತ್ತದೆ, ನೀರು ಎಷ್ಟು ಹುಳಿ ಎಂಬುದು ಅಂಕಿಯಾಗಿ ಮೊಬೈಲಿಗೆ ಬರುತ್ತದೆ. ಏಳರ ಆಸುಪಾಸಿನಲ್ಲಿದ್ದರೆ ಕ್ಷೇಮ. ತೀರಾ ಕೆಳಗಿಳಿದರೆ ನೀರು ಹುಳಿಯಾಯಿತೆಂದು ಫೋನು ಬಡಿದುಕೊಳ್ಳುತ್ತದೆ. ಇಬ್ಬರ ಫೋನಿಗೂ ಅದನ್ನು ಜೋಡಿಸಿದವಳು ಅತ್ತೆಯೇ. ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರುತ್ತಿತ್ತು: ನೋಡುತ್ತಿರುವವರು ಇಬ್ಬರು.

ಆ ಕಡ್ಡಿಗೆ ತಿಂಗಳಿಗೊಮ್ಮೆ ಪಾಠ ಹೇಳಬೇಕು. ಅಳತೆ ಗೊತ್ತಿರುವ ದ್ರವಗಳಲ್ಲಿ ಅದ್ದಿ, ಇದು ಏಳು, ಇದು ನಾಲ್ಕು ಅಂತ ತೋರಿಸದಿದ್ದರೆ ಮೆಲ್ಲಮೆಲ್ಲನೆ ದಾರಿ ತಪ್ಪುತ್ತದೆ. ಗಿರಾಕಿಗಳ ಕಡ್ಡಿಗಳಿಗೆಲ್ಲ ತಪ್ಪದೆ ಪಾಠ ಹೇಳುತ್ತಿದ್ದ ಮಾವ ಮನೆಯದನ್ನು ಐದು ತಿಂಗಳು ಮುಟ್ಟಲಿಲ್ಲ. ಅದು ಸರಿಯಿದ್ದ ನೀರನ್ನೇ ಹುಳಿ ಅನ್ನತೊಡಗಿತು. ಮಾವ ಹುಳಿ ಇಳಿಸುವ ಪುಡಿ ಹಾಕಿದ. ಮರುದಿನ ಮತ್ತೆ ಹಾಕಿದ.

“ರೀ, ಯಜಮಾನರು ಮೂಲೆ ಹಿಡಿದಿದಾರೆ. ಪುಡಿ ನಿಲ್ಸಿ, ಒಂದ್ಸಲ ಹನಿ ಹಾಕಿ ನೋಡೋಣ” ಅಂದಳು ಅತ್ತೆ.

“ಮಷೀನಿಗಿಂತ ನಿಂಗೆ ಜಾಸ್ತಿ ಗೊತ್ತಾ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂರನೆಯ ದಿನ ಯಜಮಾನರು ಹೊಟ್ಟೆ ಮೇಲಾಗಿ ತೇಲಿದರು. ಇಲ್ಲದ ಹುಳಿಯನ್ನು ಇಳಿಸಲು ಹೋಗಿ ನೀರು ಅತ್ತ ಕ್ಷಾರವಾಗಿತ್ತು.

ಅತ್ತೆ ಕೂಗಾಡಲಿಲ್ಲ. ನಳಿಗೆಗೆ ನೀರು ತುಂಬಿ, ಹನಿ ಹಾಕಿ, ಕಡುನೀಲಿಯಾದದ್ದನ್ನು ಅವನ ಮುಂದಿಟ್ಟಳು. “ಮೀನು ಹೋಯ್ತು ಅಂತಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಹೇಳಿದ್ದು ಒಂದೂ ನಿಮ್ಮ ಕಿವಿಗೆ ಬೀಳ್ಲಿಲ್ಲ” ಎಂದು, ಊರಿನ ಆಚೆ ತುದಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಹೋದವಳು ಅಲ್ಲೇ ಉಳಿದು ಹೊಲಿಗೆ ಕೆಲಸ ಹಿಡಿದಳು. ಹದಿಮೂರು ತಿಂಗಳಾದರೂ ಮಾವ ಒಮ್ಮೆಯೂ ಫೋನ್ ಮಾಡಲಿಲ್ಲ. ಮಾಡಿದರೆ ತಪ್ಪೊಪ್ಪಿಕೊಳ್ಳಬೇಕಲ್ಲ!

ಆದರೆ ಅತ್ತೆ ತನ್ನ ಫೋನಿನಿಂದ ಮೀಟರನ್ನು ತೆಗೆದಿರಲಿಲ್ಲ. ತೊಟ್ಟಿಯಲ್ಲಿ ಉಳಿದದ್ದು ಬೆರಳುಗಾತ್ರದ ಆರು ಮೀನು. ಬ್ಯಾಂಕಿನಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಕೆಲಸದ ನಡುವೆ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮಾವ ಫೋನು ತೆಗೆಯುವನು. ನೋಡುತ್ತಿದ್ದದ್ದು ಅಂಕಿಯನ್ನಲ್ಲ, ಅದರ ಕೆಳಗಿನ ಸಾಲನ್ನು. “ಇನ್ನೂ ಇದಾಳೆ ಕಣೇ” ಎಂದು ಸಂಜೆ ನನಗೂ ತೋರಿಸುವನು. ಮೊದಲು ನಗು ಬರುತ್ತಿತ್ತು, ಆಮೇಲಾಮೇಲೆ ಅದೂ ಬರಲಿಲ್ಲ. ಹೆಂಡತಿಗಾಗಿ ಇಷ್ಟು ಹಂಬಲಿಸುವ ಗಂಡಸು ಒಂದೇ ಒಂದು ಮಾತಿಗೆ ಇಷ್ಟು ಜಿಪುಣನಾದದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಳೆದ ತಿಂಗಳು ಒಂದು ಭಾನುವಾರ ನಾನು ಕೆಳಗಿಳಿದು ಬಂದಾಗ ಮಾವ ಲೋಟಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದ. ಕುಡಿಯೋಕೆ ಇರಬೇಕು ಅಂದುಕೊಂಡೆ. ಅವನು ಕಡ್ಡಿಯನ್ನು ತೊಟ್ಟಿಯಿಂದೆತ್ತಿ ಆ ಲೋಟಕ್ಕೆ ಇಳಿಬಿಟ್ಟ. ಅಂಕಿ ಏಳರಿಂದ ಎರಡೂವರೆಗೆ ಬಿತ್ತು, ಫೋನು ಅರಚಿಕೊಂಡಿತು.

“ಏನ್ ಮಾವ ಇದು!”

“ಅವಳಿಗೂ ಕೇಳಿಸಿರುತ್ತೆ” ಅಂದ, ನನ್ನ ಮುಖ ನೋಡದೆ.

ನಾಲ್ಕು ನಿಮಿಷಕ್ಕೆ ಅತ್ತೆಯ ಫೋನ್ ಬಂತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟ.

“ರೀ, ಲೋಟದಿಂದ ಕಡ್ಡಿ ತೆಗೀರಿ.”

ಮಾವ ತಟ್ಟನೆ ಕಡ್ಡಿಯನ್ನು ಲೋಟದಿಂದ ಎತ್ತಿದ.

“ಇನ್ನೂರು ಲೀಟರ್ ನೀರು ಒಂದು ನಿಮಿಷದಲ್ಲಿ ಅಷ್ಟು ಹುಳಿ ಆಗುತ್ತಾ? ಯಾರಿಗೆ ಟೋಪಿ ಹಾಕ್ತೀರಿ? ಕರೀಬೇಕಿದ್ರೆ ಬಾಯಿಲ್ವಾ?”

“ಅವತ್ತು... ಮೀಟರ್ ತಪ್ಪಾಗಿತ್ತು.”

“ಮೀಟರಾ?”

ತಡೆಯಲಾರದೆ ನಾನು ಅವನ ಬೆನ್ನಿಗೊಂದು ಗುದ್ದಿದೆ.

“ಇಲ್ಲ. ತಪ್ಪು ನಂದು. ನೀನು ಹೇಳಿದ್ದೇ ಸರಿಯಿತ್ತು.”

ಆ ಕಡೆಯಿಂದ ಫೋನು ಕಟ್ಟಾಯಿತು. ಸಂಜೆಯ ಹೊತ್ತಿಗೆ ಆ ಸಾಲು ಬದಲಾಗಿತ್ತು. ನೋಡುತ್ತಿರುವವರು ಒಬ್ಬರು. “ಇದ್ದದ್ದೂ ಹೋಯ್ತಲ್ಲೇ” ಎಂದು ಮಾವ ಫೋನನ್ನು ಬೋರಲು ಇಟ್ಟ. ಗುದ್ದಿದ ಕೈಯನ್ನು ಎಲ್ಲಿಟ್ಟುಕೊಳ್ಳಲಿ ಅಂತ ನನಗೂ ತಿಳಿಯಲಿಲ್ಲ.

ಬೆಳಿಗ್ಗೆ ಅತ್ತೆಯ ಮೆಸೇಜ್ ಬಂದಿತ್ತು: “ಇನ್ಮೇಲೆ ನಾನು ಅಂಕಿ ನೋಡಲ್ಲ. ಮೀನು ಹೇಗಿವೆ ಅಂತ ದಿನಾ ಕಣ್ಣಾರೆ ನೋಡಿ, ನೀವೇ ಫೋನ್ ಮಾಡಿ ಹೇಳಿ.”

ಈಗ ಮಾವ ದಿನಾ ಸಂಜೆ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಅರ್ಧ ಗಂಟೆ ಕೂರುತ್ತಾನೆ. ಯಾವುದರ ರೆಕ್ಕೆ ಮುದುಡಿದೆ, ಯಾವುದು ಯಾವುದನ್ನು ಅಟ್ಟುತ್ತಿದೆ, ಎಲ್ಲ ನೋಡಿ ಎಂಟಕ್ಕೆ ವರದಿ ಒಪ್ಪಿಸುತ್ತಾನೆ. ಅತ್ತೆ ಹೂಂ ಅನ್ನುತ್ತಾಳೆ, ಎರಡು ಪ್ರಶ್ನೆ ಕೇಳುತ್ತಾಳೆ, ಇಡುತ್ತಾಳೆ. ವಾಪಸು ಬರುವ ಮಾತನ್ನು ಇಬ್ಬರೂ ಎತ್ತಿಲ್ಲ.

ಹೋದ ವಾರ ಮಾವ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. “‘ಊಟ ಆಯ್ತಾ’ ಅಂತ ಕೇಳಿದ್ಳು ಕಣೇ!”

“ನೀನೇನಂದೆ?”

“ಆಯ್ತು ಅಂದೆ.”

“ಅಯ್ಯೋ ನಿನ್ನ! ಇಲ್ಲ ಅಂದಿದ್ರೆ ಮಾತು ಮುಂದುವರೀತಿತ್ತಲ್ಲ ಮಾವ!”

“ಆಗಿತ್ತಲ್ಲೇ. ಅವಳ ಹತ್ರ ಇನ್ನೊಂದು ಸುಳ್ಳು ಹೇಳಲಾ?”

ಅತ್ತೆ ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಆದರೆ ಅಂದಿನಿಂದ ಮಾವ ಎಂಟರ ಫೋನು ಮುಗಿಯುವ ತನಕ ತಟ್ಟೆ ಮುಟ್ಟುವುದಿಲ್ಲ. ಅವಳು ಮತ್ತೆ ಕೇಳಿದರೆ ‘ಇನ್ನೂ ಇಲ್ಲ’ ಅನ್ನುವುದು ನಿಜವಾಗಿರಬೇಕಂತೆ.