ಹೊಲಿಗೆ ಮೆಷಿನಿಗೆ ಬಲೆ ನೂಲಿನ ಬೆಲ್ಟು

ನಾನು ಬಿ.ಎ. ಪಾಸಾದ ವರ್ಷವೇ ಅಕ್ಕ ಮೀನಿನ ಬುಟ್ಟಿ ಕೆಳಗಿಟ್ಟಳು. ಹೊಯಿಗೆ ಬಜಾರಿನ ನಮ್ಮ ಕೇರಿಯಲ್ಲಿ ಅಲ್ಲಿಯವರೆಗೆ ಬಿ.ಎ. ಆದವರು ಒಬ್ಬರೂ ಇರಲಿಲ್ಲ. ಈ ಮಾತನ್ನು ನಾನು ಇವತ್ತಿಗೂ ನಾಚಿಕೆಯಿಲ್ಲದೆ ಹೇಳುತ್ತೇನೆ. ಆದರೆ ನಾನು ಓದುತ್ತಿದ್ದಷ್ಟು ವರ್ಷವೂ ಅಕ್ಕ ಅಮ್ಮನ ಜೊತೆ ತಲೆಯ ಮೇಲೆ ಬುಟ್ಟಿ ಹೊತ್ತು ಫಳ್ನೀರಿನ ಏರು ಹತ್ತಿದ್ದಳು. ಅದನ್ನೂ ಹೇಳಬೇಕು.

ಫಲಿತಾಂಶ ಬಂದ ದಿನ ಅವಳು, "ನಿನ್ನದು ಆಯ್ತಲ್ಲ. ಇನ್ನು ನಾನು ಬುಟ್ಟಿ ಹೊರುದಿಲ್ಲ. ಹೊಲಿಗೆ ಮಾಡ್ತೇನೆ" ಅಂದಳು.

ಕನ್ಯಾಸ್ತ್ರೀಯರ ಹೊಲಿಗೆ ಕ್ಲಾಸಿಗೆ ಮಧ್ಯಾಹ್ನದ ಹೊತ್ತು ಹೋಗಿ ಅವಳು ಕೆಲಸ ಕಲಿತಿದ್ದಳು. ಬೊಂಬಾಯಿಗೆ ಹೊರಟ ದರ್ಜಿಯೊಬ್ಬ ಬಿಟ್ಟುಹೋದ ಹಳೆಯ ಕಾಲುಮೆಷಿನು ನಮ್ಮ ಮನೆಗೆ ಬಂದಿತ್ತು.

ಅಮ್ಮನಿಗೆ ನಂಬಿಕೆ ಇಲ್ಲ. "ಮೀನಿನವಳ ಕೈಗೆ ಒಳ್ಳೆ ಬಟ್ಟೆ ಕೊಡುವವರು ಯಾರು ಮಾರಾಯ್ತಿ? ಈ ಒಂದು ಮಳೆಗಾಲ ನೋಡುವ. ಆಗದಿದ್ರೆ ನಿನ್ನ ಬುಟ್ಟಿ ಅಲ್ಲೇ ಉಂಟು" ಎಂದು ಗೋಡೆಯ ಕೊಕ್ಕೆ ತೋರಿಸಿದಳು. ಬುಟ್ಟಿ ಅಲ್ಲಿ ನೇತಾಡುತ್ತಿತ್ತು. ಅಕ್ಕ ಮೆಷಿನಿನ ಮುಂದೆ ಕೂತರೆ ಅದು ಸೀದಾ ಕಣ್ಣೆದುರಿಗೆ.

ಆಟಿ ತಿಂಗಳ ಜಡಿಮಳೆಯಲ್ಲಿ ಮೊದಲ ದೊಡ್ಡ ಕೆಲಸ ಬಂತು. ಫಳ್ನೀರಿನ ಕ್ರೈಸ್ತರ ಮನೆಯ ಒಬ್ಬ ಬಾಯಮ್ಮ, ಅಕ್ಕನಿಂದ ಎಷ್ಟೋ ವರ್ಷ ಬಂಗುಡೆ ಕೊಂಡವರು, ಚರ್ಚಿನಲ್ಲಿ ಮಗಳ ಮೊದಲ ಪರಮಪ್ರಸಾದಕ್ಕೆ ಬಿಳಿ ಫ್ರಾಕು ಹೊಲಿಯಲು ಬಟ್ಟೆ ಕೊಟ್ಟರು. ಕೊಡುವಾಗ, "ವಾಸನೆಗೀಸನೆ ಹಿಡೀಲಿಕ್ಕಿಲ್ಲ ಅಲ್ವಾ?" ಎಂದು ಕೇಳಿದರಂತೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಅಕ್ಕ ಆ ಮಾತನ್ನು ಬಟ್ಟೆಯ ಜೊತೆಗೇ ಮಡಚಿ ಮನೆಗೆ ತಂದಿದ್ದಳು. ಅಮ್ಮನ ಬುಟ್ಟಿ ಅಂಗಳಕ್ಕೆ ಹೋಯಿತು. ಮೆಷಿನು ಮುಟ್ಟುವ ಮೊದಲು ಅಕ್ಕ ಮೊಣಕೈವರೆಗೆ ಲಿಂಬೆ ತಿಕ್ಕಿ ತೊಳೆಯುತ್ತಿದ್ದಳು.

ಫ್ರಾಕು ಶನಿವಾರ ಕೊಡಬೇಕು. ಗುರುವಾರ ಬೆಳಿಗ್ಗೆ ಮೆಷಿನಿನ ತೊಗಲಿನ ಬೆಲ್ಟು ತುಂಡಾಯಿತು. ಕೆಳಗಿನ ದೊಡ್ಡ ಚಕ್ರದಿಂದ ಮೇಲಿನ ಸಣ್ಣ ಚಕ್ರಕ್ಕೆ ಹೋಗುವ ದುಂಡು ಬಾರು ಅದು. ಸವೆದು ಸವೆದು ಒಂದು ಕಡೆ ದಾರದಷ್ಟಾಗಿತ್ತು.

"ಬಿ.ಎ. ಆದವನು ಮನೆಯಲ್ಲೇ ಇದ್ದಾನಲ್ಲ, ಇದೊಂದು ಮಾಡಿಕೊಡು" ಅಂದಳು ಅಕ್ಕ.

ಮಾಡಿಕೊಡುತ್ತೇನೆ ಎಂದು ಹೊರಟೆ. ಯುದ್ಧದ ಕಾಲ, ತೊಗಲು ಸುಲಭಕ್ಕೆ ಸಿಗುತ್ತಿರಲಿಲ್ಲ. ಮೂರು ಅಂಗಡಿ ತಿರುಗಿದ ಮೇಲೆ ಒಬ್ಬ ಮುದುಕ ಪೆಟ್ಟಿಗೆಯ ತಳದಿಂದ ಒಂದು ಬಾರು ತೆಗೆದು, "ಇದೇ ಕಡೇದು, ಜಾಗ್ರತೆ" ಅಂದ. ಮನೆಗೆ ಬಂದು ತುಂಡಾದ ಬೆಲ್ಟಿನ ಪಕ್ಕದಲ್ಲಿಟ್ಟು ಅಷ್ಟೇ ಉದ್ದಕ್ಕೆ ಕತ್ತರಿಸಿದೆ. ಮೆಷಿನಿನ ಹಲಗೆಯ ಎರಡು ತೂತಿನಲ್ಲಿ ಇಳಿಸಿ, ಎರಡು ಚಕ್ರಕ್ಕೂ ಸುತ್ತಿ, ತಂತಿಯ ಕೊಕ್ಕೆ ಹಾಕಿ ಕೂಡಿಸಿದೆ. ಅಕ್ಕ ತುಳಿದಳು. ಕೆಳಗಿನ ಚಕ್ರ ತಿರುಗಿತು, ಮೇಲಿನದು ಸುಮ್ಮನೆ ನಿಂತಿತ್ತು.

ಹಳೆಯದು ಮಳೆಗೆ ಹಿಗ್ಗಿ ಉದ್ದವಾದ ಬೆಲ್ಟು. ಅದರ ಅಳತೆಗೆ ಹೊಸದನ್ನು ಕತ್ತರಿಸಿದರೆ ಸಡಿಲವಾಗದೆ ಇರುತ್ತದೆಯೇ? ಎರಡು ಬೆರಳಗಲ ಮತ್ತೆ ಕತ್ತರಿಸಿದೆ. ಈಗ ಓಡಿತು. ಅಕ್ಕ ಸಂಜೆಯೊಳಗೆ ಒಂದು ತೋಳು ಮುಗಿಸಿದಳು. ನಾನು ಏನೋ ದೊಡ್ಡದು ಸಾಧಿಸಿದವನ ಹಾಗೆ ಚಾ ಕುಡಿದೆ.

ಶುಕ್ರವಾರ ಬೆಳಿಗ್ಗೆ ಬಿಜೈಯ ಒಂದು ಶಾಲೆಯಲ್ಲಿ ಮಾಸ್ತರರ ಕೆಲಸ ಉಂಟೆಂದು ವಿಚಾರಿಸಲು ಹೋಗಿದ್ದೆ. ಅಕ್ಕ ಬಾವಿಕಟ್ಟೆಯಲ್ಲಿದ್ದಳು. ಅಪ್ಪ ಮನೆಯಲ್ಲೇ. ಮಳೆಗಾಲದಲ್ಲಿ ದೋಣಿಯನ್ನು ದಡದ ಮೇಲೆ ಎಳೆದಿಟ್ಟಿರುತ್ತಾರಲ್ಲ, ಜಗಲಿಯಲ್ಲಿ ಕೂತು ಬಲೆ ಸರಿ ಮಾಡುತ್ತಿದ್ದರು. ಅವರಿಗೆ ಮೆಷಿನಿನ ಹೊಸ ತೊಗಲು ಕಂಡಿತು. ಈ ತೇವಕ್ಕೆ ಬೂಸ್ಟು ಹಿಡಿದೀತು, ಮಗಳ ವಸ್ತು ಹಾಳಾದೀತು ಎಂದು ದೋಣಿಗೆ ಬಳಿಯುವ ಬೂತಾಯಿ ಮೀನಿನ ಎಣ್ಣೆಯನ್ನು ಚಿಂದಿಯಲ್ಲಿ ಅದ್ದಿ ಬೆಲ್ಟಿಗೆ ಚೆನ್ನಾಗಿ ಉಜ್ಜಿದರು. ಚಕ್ರಕ್ಕೂ ಸ್ವಲ್ಪ.

ನಾನು ಬರುವಾಗ ಅಕ್ಕ ಮೆಷಿನಿನಿಂದ ದೂರ ನಿಂತು, ಫ್ರಾಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಮನೆಯೆಲ್ಲ ಮೀನೆಣ್ಣೆ ವಾಸನೆ. ತುಳಿದು ನೋಡಿದೆ. ಬೆಲ್ಟು ಜಾರುತ್ತಿತ್ತು.

"ಎಂತ ಮಾಡಿದ್ರಿ ಅಪ್ಪ! ಇದೇನು ದೋಣಿಯಾ?" ಎಂದು ಕೂಗಿದೆ. ಅಷ್ಟು ಜೋರಾಗಿ ನಾನು ಅಪ್ಪನ ಹತ್ತಿರ ಹಿಂದೆಂದೂ ಮಾತಾಡಿರಲಿಲ್ಲ.

ಅಪ್ಪ ಚಿಂದಿ ಹಿಡಿದುಕೊಂಡೇ, "ಇದೇ ಎಣ್ಣೆಯಲ್ಲಿ ದೋಣಿ ಇಪ್ಪತ್ತು ವರ್ಷ ಬಂತು" ಅಂದರು.

ಅಕ್ಕ ಫ್ರಾಕು ಮೂಸಿ ನೋಡಿದಳು. "ಇದಕ್ಕೆ ಹಿಡೀಲಿಲ್ಲ. ಪೆಟ್ಟಿಗೆಯಲ್ಲಿತ್ತು" ಎಂದು ಮೆಲ್ಲಗೆ ಹೇಳಿ, ಒಂದು ಸಲ ಗೋಡೆಯಲ್ಲಿ ಬುಟ್ಟಿ ತೂಗುವ ಕೊಕ್ಕೆಯ ಕಡೆ ನೋಡಿದಳು. ಅಮ್ಮನೂ ನೋಡಿದಳು.

ಬೇರೆ ತೊಗಲು ಎಲ್ಲಿಂದ ತರಲಿ? ನಾನು ಯೋಚಿಸುತ್ತಿದ್ದಂತೆ ಅಪ್ಪ ಎದ್ದು ಒಳಗಿಂದ ಬಿಳಿ ನೂಲಿನ ಉಂಡೆ ತಂದರು. ಹೊಸ ಬಲೆಗೆ ಇಟ್ಟ ಹತ್ತಿ ನೂಲು. ಬಲೆ ಗಟ್ಟಿಯಾಗಲು ಹಾಕುವ ಮರದ ತೊಗಟೆಯ ಚೊಗರಿನಲ್ಲಿ ಅದ್ದಿದ್ದಲ್ಲ, ಕಡಲ ನೀರು ಕಂಡದ್ದಲ್ಲ.

"ಇದನ್ನು ಮೂಸಿ ನೋಡು" ಎಂದು ಅಕ್ಕನ ಮುಂದೆ ಹಿಡಿದರು.

ಅಕ್ಕ ಮೂಸಿದಳು. "ಹತ್ತಿ" ಅಂದಳು.

"ಗಂಟು ಹಾಕಿದ್ರೆ ಚಕ್ರದಲ್ಲಿ ಸಿಕ್ಕಿಕೊಳ್ತದೆ ಅಪ್ಪ" ಅಂದೆ ನಾನು.

"ಗಂಟು ಹಾಕುವವ ಯಾರು? ನೀನು ಆ ಚಕ್ರ ತಿಕ್ಕು."

ಒಲೆಯ ಬೂದಿ, ಅಂಟುವಾಳ ಹಾಕಿ ಎರಡು ಚಕ್ರವನ್ನೂ ನಾನು ತಿಕ್ಕಿದೆ. ಬಿ.ಎ. ಆದ ಮೇಲೆ ನಾನು ಮಾಡಿದ ಮೊದಲ ಪೂರ್ತಿ ಕೆಲಸ ಅದೇ ಇರಬೇಕು. ಅಪ್ಪ ನೂಲನ್ನು ಮೂರು ಎಳೆಯಾಗಿ ಹೊಸೆದು ಹುರಿ ಮಾಡಿದರು. ಅದನ್ನು ತೂತುಗಳಲ್ಲಿ ಇಳಿಸಿ, ಚಕ್ರಕ್ಕೆ ಸುತ್ತಿ, ಮೆಷಿನಿನ ಕೆಳಗೆ ತೂರಿ ಮಲಗಿದರು. ಕೂಡಿಸುವ ಕೆಲಸ ಅಲ್ಲೇ ಆಗಬೇಕು. ಹೊರಗೆ ಕೂಡಿಸಿದರೆ ಒಳಗೆ ಹೋಗುವುದಿಲ್ಲ. ಎರಡು ತುದಿಯ ಎಳೆಗಳನ್ನು ಬಿಡಿಸಿ, ಒಂದರ ಎಳೆಯನ್ನು ಇನ್ನೊಂದರ ಹೊಟ್ಟೆಯೊಳಗೆ ಹಾಯಿಸುತ್ತಾ ಹೋದರು. ದೋಣಿಯ ಹಗ್ಗ ತುಂಡಾದಾಗ ಅವರು ಹಾಗೆ ಮಾಡುವುದನ್ನು ನೂರು ಸಲ ನೋಡಿದ್ದೆ, ಒಮ್ಮೆಯೂ ಕಲಿತಿರಲಿಲ್ಲ.

"ಬಿಗಿ ಸಾಕಾ ಅಪ್ಪ? ಮಳೆಗೆ ಇದೂ ಸಡಿಲ ಆಗ್ಲಿಕ್ಕಿಲ್ವಾ?"

"ಸಡಿಲ ಆಗುದು ತೊಗಲು. ಹತ್ತಿಹಗ್ಗ ಒದ್ದೆಯಾದ್ರೆ ಎಳ್ಕೊಂಡು ಬಿಗಿ ಆಗ್ತದೆ ಮಾರಾಯ. ಕಾಲೇಜಿನಲ್ಲಿ ಹೇಳಿಕೊಡ್ಲಿಲ್ವಾ?" ಮೆಷಿನಿನ ಕೆಳಗಿಂದ ನಗೆ ಕೇಳಿತು. ಅಕ್ಕನೂ ನಕ್ಕಳು. ನಾನು ನಗಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ ನಕ್ಕೆ.

ಅಪ್ಪ ಹೊರಗೆ ಬಂದಾಗ ಜೋಡಿಸಿದ ಜಾಗ ಎಲ್ಲಿ ಎಂದು ನನಗೆ ಗೊತ್ತಾಗಲಿಲ್ಲ, ಬೆರಳಾಡಿಸಿದರೆ ಮಾತ್ರ ಒಂದಿಷ್ಟು ದಪ್ಪ. ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಜಾರದ ಹಾಗೆ ಹುರಿಗೆ ಉಜ್ಜಿ, ಕೈ ತೊಳೆದು ಬಂದು ತುಳಿದಳು. ಮೊದಲು ಹಳೆಯ ಬಟ್ಟೆಯ ಚೂರಿನ ಮೇಲೆ ಓಡಿಸಿ, ಚೂರು ಮೂಸಿದಳು. ಆಮೇಲೆ ಫ್ರಾಕು ತೆಗೆದಳು. ಎರಡನೆಯ ತೋಳು ರಾತ್ರಿಯೊಳಗೆ ಮುಗಿಯಿತು, ಕೊರಳಪಟ್ಟಿ ಶನಿವಾರ ಬೆಳಿಗ್ಗೆ.

ಅಕ್ಕ ಫ್ರಾಕು ಕೊಡಲು ಹೊರಟಾಗ ಕೊಡೆ ಹಿಡಿಯಲು ನಾನೂ ಜೊತೆಗೆ ಹೋದೆ. ಬಾಯಮ್ಮ ಫ್ರಾಕು ಬಿಚ್ಚಿದರು, ಕಿಟಕಿಯ ಬೆಳಕಿಗೆ ಹಿಡಿದರು, ಹೊಲಿಗೆ ನೋಡಿದರು. ಆಮೇಲೆ ಮುಖದ ಹತ್ತಿರ ತಂದರು. ಅಕ್ಕ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಮಗಳನ್ನು ಕರೆದು ಹಾಕಿಸಿದರು.

"ಕುತ್ತಿಗೆ ಸ್ವಲ್ಪ ಬಿಗಿ ಆಯ್ತಲ್ವಾ?" ಅಂದರು.

"ಈಗಲೇ ಸರಿ ಮಾಡ್ತೇನೆ ಬಾಯಮ್ಮ" ಎಂದು ಅಕ್ಕ ಅಲ್ಲೇ ಜಗಲಿಯಲ್ಲಿ ಕೂತು, ಸೊಂಟದಿಂದ ಸೂಜಿ ತೆಗೆದಳು. ಅರ್ಧ ಗಂಟೆ ಹಿಡಿಯಿತು. ಹೊರಡುವಾಗ ಬಾಯಮ್ಮ ತಮ್ಮ ಎರಡು ರವಿಕೆಯ ಬಟ್ಟೆಯನ್ನೂ ಕೊಟ್ಟರು.

ಏರು ಇಳಿಯುವಾಗ ಅಕ್ಕ, "ಕುತ್ತಿಗೆ ಬಿಗಿಯಂತೆ" ಅಂದಳು. ಸ್ವಲ್ಪ ದೂರ ಹೋಗಿ ಮತ್ತೆ, "ಬಿಗಿಯಂತೆ ಮಾರಾಯ, ಕುತ್ತಿಗೆ!" ಹೊಲಿಗೆಯ ತಪ್ಪು ಹೇಳಿಸಿಕೊಂಡು ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಮನೆಯಲ್ಲಿ ಅಮ್ಮ ಎಲ್ಲ ಕೇಳಿದಳು. ರವಿಕೆಯ ಬಟ್ಟೆಯನ್ನು ದೂರದಿಂದಲೇ ನೋಡಿದಳು, ಮುಟ್ಟಲಿಲ್ಲ. ಎದ್ದು ಕೊಕ್ಕೆಯಿಂದ ಅಕ್ಕನ ಬುಟ್ಟಿ ಇಳಿಸಿದಳು.

"ನನ್ನದರ ತಳ ಹೋಗಿದೆ. ಇದನ್ನು ನಾನು ತಗೊಳ್ತೇನೆ" ಎಂದು ಅದನ್ನು ಅಂಗಳಕ್ಕೆ ಒಯ್ದಳು.